ವರ್ತಕರ ಮಕ್ಕಳು ಮತ್ತು ವಕೀಲಿ ವೃತ್ತಿ: ಮೊದಲ ಸಂಬಳವೊಂದೇ ಅಳತೆಗೋಲೇ?

ಮಕ್ಕಳನ್ನು ಎಂಜಿನಿಯರಿಂಗ್‌ಗೋ ಲೆಕ್ಕಪರಿಶೋಧನೆಗೋ ಕಳುಹಿಸುವುದು ವರ್ತಕ ಕುಟುಂಬಗಳ ಹಳೆಯ ರೂಢಿ. ಇದೀಗ ಐದು ವರ್ಷಗಳ ಕಾನೂನು ಪದವಿಯೂ ಆ ಪಟ್ಟಿಗೆ ಸೇರಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1980ರ ದಶಕದ ಕೊನೆಯಲ್ಲಿ ಈ ಪದವಿಯನ್ನು ಆರಂಭಿಸಿದಾಗ ವಕೀಲ ವೃತ್ತಿಯ ಗುಣಮಟ್ಟವನ್ನು ಹೆಚ್ಚಿಸುವ ಆಶಯ ಅದಕ್ಕಿತ್ತು. ಆದರೆ ಅಂತಹ ಶಾಲೆಗಳಲ್ಲಿ ಓದಿದ ಪ್ರತಿಭಾವಂತರಲ್ಲಿ ಅನೇಕರು ಇಂದು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದೆ ಮುಂಬಯಿ, ದೆಹಲಿ, ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳನ್ನು ಸೇರುತ್ತಾರೆ.

ಈ ಆಯ್ಕೆಯನ್ನು ಹಗುರವಾಗಿ ದೂರುವುದು ಸರಿಯಲ್ಲ. ಪ್ರತಿಷ್ಠಿತ ಶಾಲೆಗಳ ಶುಲ್ಕ ವರ್ಷಕ್ಕೆ ಹಲವು ಲಕ್ಷ ರೂಪಾಯಿ. ಸಾಲ ಮಾಡಿ ಓದಿದ ವಿದ್ಯಾರ್ಥಿಗೆ ಮೊದಲ ತಿಂಗಳಿನಿಂದಲೇ ಕೈತುಂಬ ಬರುವ ಸಂಬಳ ದೊಡ್ಡ ಆಸರೆ. ಕಂಪನಿಗಳ ವಿಲೀನ, ಷೇರು ಖರೀದಿ, ಸಾಲಪತ್ರಗಳ ರಚನೆಯಂತಹ ಕೆಲಸದಲ್ಲಿ ದೊರೆಯುವ ಶಿಸ್ತೂ ಕಡಿಮೆಯದಲ್ಲ. ಆದರೆ ಅಲ್ಲಿ ಹೊತ್ತು ಗೊತ್ತಿಲ್ಲದ ದುಡಿಮೆ. ಅನೇಕ ಕಡೆ ಗಂಟೆಗಳ ಲೆಕ್ಕ ಬರೆದಿಡಬೇಕು. ಕಿರಿಯರು ನೂರಾರು, ಪಾಲುದಾರರಾಗುವವರು ಕೆಲವರು. ನಾಲ್ಕೈದು ವರ್ಷ ಕಡತಗಳನ್ನು ಪರಿಶೀಲಿಸಿದರೂ ನ್ಯಾಯಾಧೀಶರ ಮುಂದೆ ಒಮ್ಮೆಯೂ ವಾದಿಸದವರು ಅಲ್ಲಿ ಅಪರೂಪವೇನಲ್ಲ.

ಬೇರೆ ದಾರಿಗಳೂ ಇವೆ. ಕಂಪನಿಯೊಂದರ ಕಾನೂನು ಅಧಿಕಾರಿಯ ಹುದ್ದೆ ನೆಮ್ಮದಿಯದು. ಆದರೆ ಬಾರ್ ಕೌನ್ಸಿಲ್‌ನ 49ನೇ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರರು ವಕೀಲಿ ನಡೆಸುವಂತಿಲ್ಲ. ನ್ಯಾಯಾಂಗ ಸೇವೆಯ ಆಕಾಂಕ್ಷಿಗಳಿಗೆ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂಬ ನಿಬಂಧನೆಯನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮರಳಿ ತಂದಿತು.

ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಹೆಚ್ಚು ಗಮನಿಸಬೇಕಾದ ದಾರಿ ಜಿಲ್ಲಾ ಮಟ್ಟದ ವಾಣಿಜ್ಯ ವಕೀಲಿ. 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಸಣ್ಣ ಉದ್ದಿಮೆದಾರನಿಂದ ಸರಕು ಪಡೆದವರು, ಒಪ್ಪಂದ ಏನೇ ಇರಲಿ, 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2021ರಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಅವಕಾಶ ದೊರೆಯಿತು. ಆದರೆ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತವಾಗಿತ್ತು, ಬಾಕಿ ವಸೂಲಿಯ ಈ ರಕ್ಷಣೆ ಅದರಲ್ಲಿರಲಿಲ್ಲ. ಈ ವ್ಯತ್ಯಾಸವನ್ನು ತಿಳಿಸಿ ಹೇಳುವವರಿಲ್ಲದೆ ತಪ್ಪು ಬಾಗಿಲು ತಟ್ಟಿದರೆ ಕಾಲಹರಣವಷ್ಟೇ ಫಲ.

ಕಾಲಮಿತಿಗಳೂ ಬಿಗಿಯಾಗಿವೆ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ವ್ಯವಹಾರ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಗೆ ಬಂದವು. ತುರ್ತು ಪರಿಹಾರ ಕೋರದ ದಾವೆಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಸಮನ್ಸ್ ಜಾರಿಯಾದ 120 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ಜಿಎಸ್‌ಟಿ ಆದೇಶದ ವಿರುದ್ಧ ಮೊದಲ ಮೇಲ್ಮನವಿಗೆ ಮೂರು ತಿಂಗಳು, ಸಕಾರಣವಿದ್ದರೆ ಇನ್ನೊಂದು ತಿಂಗಳು. ಚೆಕ್ ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳಲ್ಲಿ ನೋಟಿಸ್ ಹೋಗಬೇಕು. ಐದು ಲಕ್ಷದ ಬಾಕಿಗಾಗಿ ಮುಂಬಯಿಯ ಲಾ ಫರ್ಮ್‌ನ ಮೊರೆಹೋಗುವುದು ಯಾವ ವರ್ತಕನಿಗೂ ಗಿಟ್ಟದು. ಊರಿನಲ್ಲೇ ಇರುವ, ಸರಕುಪಟ್ಟಿಯನ್ನೂ ಖಾತೆ ಪುಸ್ತಕವನ್ನೂ ಓದಬಲ್ಲ ವಕೀಲರೇ ಆತನಿಗೆ ಬೇಕು. ವರ್ತಕರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಈ ವಿದ್ಯೆ ಅರ್ಧ ಮನೆಯಲ್ಲೇ ಬಂದಿರುತ್ತದೆ.

ಹಾಗಿದ್ದೂ ಇಂತಹ ವಕೀಲರು ವಿರಳವಾಗಿರುವುದಕ್ಕೆ ವರ್ತಕ ಸಮುದಾಯವೂ ಹೊಣೆ. ಲಕ್ಷಾಂತರ ರೂಪಾಯಿಯ ಕರಾರಿಗೆ ವಕೀಲರ ಸಲಹೆ ಪಡೆಯದೆ ಸಹಿ ಹಾಕಿ, ವ್ಯಾಜ್ಯ ಕೊರಳಿಗೆ ಬಿದ್ದ ಮೇಲೆ ಓಡುವುದು, ಬಳಿಕ ಶುಲ್ಕಕ್ಕಾಗಿ ಚೌಕಾಸಿ ಮಾಡುವುದು ಬಹುಕಾಲದ ಅಭ್ಯಾಸ. ಹಿರಿಯರ ಕಚೇರಿಯಲ್ಲಿ ದುಡಿಯುವ ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000 ಮತ್ತು ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ನೀಡಬೇಕೆಂದು ಭಾರತೀಯ ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಅದು ಶಿಫಾರಸು ಮಾತ್ರ, ಆದೇಶವಲ್ಲ. ಕಕ್ಷಿದಾರರಿಂದ ಹಿರಿಯರಿಗೆ ಹಣ ಸಕಾಲದಲ್ಲಿ ಬಾರದೆ ಕಿರಿಯರ ಕೈಗೆ ಅದು ತಲುಪುವುದಾದರೂ ಹೇಗೆ? ತಮ್ಮ ಬಾಕಿ 45 ದಿನಗಳಲ್ಲಿ ಬರಬೇಕೆನ್ನುವವರು ವಕೀಲರ ಬಿಲ್ಲನ್ನು ವರ್ಷಗಟ್ಟಲೆ ಮೇಜಿನಲ್ಲಿಡುವುದು ವಿಪರ್ಯಾಸ.

ಹೊಸ ಅಂಗಡಿ ತೆರೆದವರು ಕರಪತ್ರ ಹಂಚಬಹುದು. ವಕೀಲರು ಜಾಹೀರಾತು ನೀಡುವುದನ್ನು ಬಾರ್ ಕೌನ್ಸಿಲ್‌ನ 36ನೇ ನಿಯಮ ನಿಷೇಧಿಸುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಕಕ್ಷಿದಾರರಿಂದಲೇ ಬರಬೇಕು. ಒಂದು ಬಡಾವಣೆಯ ಹತ್ತು ಸಣ್ಣ ಘಟಕಗಳು ತಲಾ ಮೂರು ಸಾವಿರ ರೂಪಾಯಿಯಂತೆ ಪ್ರತ್ಯೇಕವಾಗಿ ಮಾಸಿಕ ಸಲಹಾ ಶುಲ್ಕ ಗೊತ್ತುಮಾಡಿಕೊಂಡರೆ ಯುವ ವಕೀಲರೊಬ್ಬರಿಗೆ ತಿಂಗಳಿಗೆ ಮೂವತ್ತು ಸಾವಿರದ ಖಚಿತ ಆದಾಯವಾಗುತ್ತದೆ. ನ್ಯಾಯಾಲಯದ ಪ್ರಕರಣಗಳ ಶುಲ್ಕ ಬೇರೆ. ಲಾ ಫರ್ಮ್‌ನ ಸಂಬಳಕ್ಕೆ ಇದು ಸಮನಲ್ಲ. ಆದರೆ ಊರಿನಲ್ಲೇ ಕಚೇರಿ ತೆರೆಯಲು ಬಯಸುವ ಮಗಳಿಗೋ ಮಗನಿಗೋ ಮೊದಲ ಮೂರು ವರ್ಷಗಳ ಬಾಡಿಗೆ ಮತ್ತು ಗುಮಾಸ್ತರ ಸಂಬಳದ ಚಿಂತೆ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ.