ಹೃದಯ ರಕ್ಷಣೆ: ಭೀತಿ ಬೇಡ, ಲೆಕ್ಕ ಬೇಕು

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ತಮ್ಮ 46ನೇ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ ಹೃದಯ ತಪಾಸಣೆಗಾಗಿ ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಹಾಸನ ಜಿಲ್ಲೆಯ ಸರಣಿ ಸಾವುಗಳ ಸುದ್ದಿ ಹಬ್ಬಿದ 2025ರ ಜುಲೈನಲ್ಲಿ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಅದೇ ದೃಶ್ಯ ಮರುಕಳಿಸಿತು. ಹೃದಯಾಘಾತದ ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ತಜ್ಞರ ಸಮಿತಿ ಹೇಳಿದ ಮೇಲೆ ಆತಂಕ ತಗ್ಗಿತು. ಆದರೆ ಆತಂಕದೊಡನೆ ಎಚ್ಚರವೂ ಮರೆಯಾಗುವುದು ಸಾವಿನ ಸುದ್ದಿಗಿಂತ ಕಳವಳಕಾರಿ.

ಸರದಿಯಲ್ಲಿ ನಿಂತು ಮಾಡಿಸಿಕೊಂಡ ಇಸಿಜಿ ಆ ಕ್ಷಣದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮುಂದಿನ ಹತ್ತು ವರ್ಷಗಳ ಭರವಸೆ ನೀಡದು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟಕ್ಕೆ ಧೂಮಪಾನ, ರಕ್ತದೊತ್ತಡ, ಮಧುಮೇಹ, ಕೊಬ್ಬಿನ ಏರುಪೇರು ಮೊದಲಾದ ಒಂಬತ್ತು ಅಂಶಗಳೇ ಕಾರಣ. ಪಾರ್ಶ್ವವಾಯುವಿಗಂತೂ ಅಧಿಕ ರಕ್ತದೊತ್ತಡವೇ ಪ್ರಧಾನ ಕಾರಣ. ಆದರೆ ಈ ಅಂಶಗಳು ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿ ಬೆರೆತಿರುತ್ತವೆ. ತಂದೆಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದ, ಸಿಗರೇಟು ಬಿಡದ 35ರ ಯುವಕನಿಗೂ ರಕ್ತದೊತ್ತಡವಿರುವ 60ರ ಗೃಹಿಣಿಗೂ ಒಂದೇ ಸಲಹೆ ಸಾಲದು.

ವ್ಯಕ್ತಿಗೆ ತಕ್ಕ ಮುನ್ನೆಚ್ಚರಿಕೆ ಎಂದರೆ ಇದೇ ಹೊರತು ಸಾವಿರಾರು ರೂಪಾಯಿಯ ‘ಪ್ಯಾಕೇಜ್’ ಅಲ್ಲ. ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನಲಾಗುವ ಎಲ್‌ಡಿಎಲ್ ಸಾಮಾನ್ಯರಲ್ಲಿ 100ಕ್ಕಿಂತ, ಹೆಚ್ಚು ಅಪಾಯವುಳ್ಳವರಲ್ಲಿ 70ಕ್ಕಿಂತ, ಅತಿ ಹೆಚ್ಚು ಅಪಾಯವುಳ್ಳವರಲ್ಲಿ 55 ಮಿಲಿಗ್ರಾಂಗಿಂತ ಕೆಳಗಿರಬೇಕೆಂದು ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಸೂಚಿಸಿದೆ. ಪ್ರಯೋಗಾಲಯದ ವರದಿಯಲ್ಲಿ ‘ನಾರ್ಮಲ್’ ಎಂದಿರುವ ಅಂಕಿಯೇ ಕೆಲವರಿಗೆ ಅಪಾಯಕಾರಿಯಾದೀತು. ಬಹುಪಾಲು ವಂಶವಾಹಿಯಿಂದಲೇ ನಿರ್ಧಾರವಾಗುವ ಲಿಪೊಪ್ರೋಟೀನ್ (ಎ) ಅನ್ನು ಜೀವಮಾನದಲ್ಲಿ ಒಮ್ಮೆಯಾದರೂ ಅಳೆಯಬೇಕೆಂಬ ಸಲಹೆಯೂ ಅದರಲ್ಲಿದೆ.

ಬಡವರಿಗೆ ಇದು ಕೈಗೆಟುಕದು ಎನ್ನಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಕೋಷ್ಟಕಗಳಲ್ಲಿ ರಕ್ತ ಪರೀಕ್ಷೆಯೇ ಬೇಡದ ಒಂದು ಬಗೆಯಿದೆ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ ಹಾಗೂ ಎತ್ತರಕ್ಕೆ ತಕ್ಕ ತೂಕ ಗೊತ್ತಿದ್ದರೆ 40 ದಾಟಿದವರ ಹತ್ತು ವರ್ಷಗಳ ಅಪಾಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅಂದಾಜಿಸಬಹುದು. 40ರೊಳಗಿನವರ ವಿಷಯದಲ್ಲಿ ಕುಟುಂಬದ ಚರಿತ್ರೆ ಕೇಳುವುದಕ್ಕೆ ಖರ್ಚೇನೂ ಇಲ್ಲ.

ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಹೃದಯಾಘಾತವಾದವರಿಗೆ ತುರ್ತು ನೆರವು ನೀಡುವಂಥದು, ಅದು ಸ್ತುತ್ಯರ್ಹ. 2024ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಮನೆಬಾಗಿಲಲ್ಲಿ ರಕ್ತದೊತ್ತಡ, ಮಧುಮೇಹಗಳನ್ನು ಪತ್ತೆಹಚ್ಚುವ ಯೋಜನೆ. ಆದರೆ ಪತ್ತೆಯಾದವರು ಮಾತ್ರೆ ನಿಲ್ಲಿಸದಂತೆ, ಅವರ ಲೆಕ್ಕ ಮತ್ತೆ ಮತ್ತೆ ನೋಡುವಂತೆ ಮಾಡದಿದ್ದರೆ ಅಳತೆ ಕಡತದಲ್ಲೇ ಉಳಿಯುತ್ತದೆ. ಬ್ಯಾಂಕಿನ ಖಾತೆಯಲ್ಲಿರುವ ಹಣ ಎಷ್ಟೆಂದು ಬಲ್ಲ ವಿದ್ಯಾವಂತರಲ್ಲಿ ತಮ್ಮ ರಕ್ತದೊತ್ತಡ ಎಷ್ಟೆಂದು ಹೇಳಬಲ್ಲವರು ಎಷ್ಟು ಮಂದಿ? ಮತ್ತೊಬ್ಬರ ಸಾವು ಎಚ್ಚರಿಸುವವರೆಗೆ ಕಾಯುವುದು ವಿವೇಕವಲ್ಲ.