ಬುದ್ಧಿಹಲ್ಲೂ ಮನೆಯ ಲೆಕ್ಕವೂ

ಪ್ರಾಯಕ್ಕೆ ಬಂದ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಮಗಳಿಗೋ ಮಗನಿಗೋ ದವಡೆಯ ತುದಿಯಲ್ಲಿ ಬುದ್ಧಿಹಲ್ಲು ಮೂಡುತ್ತಿದೆ. ನೋವು ತಾಳಲಾರದೆ ದಂತವೈದ್ಯರಲ್ಲಿಗೆ ಹೋದರೆ ಕೀಳಿಸಬೇಕೆನ್ನುತ್ತಾರೆ. ಒಬ್ಬರು ಎರಡು ಸಾವಿರ ರೂಪಾಯಿ ಹೇಳಿದರೆ ಮತ್ತೊಬ್ಬರು ಹತ್ತು ಸಾವಿರ ಹೇಳುತ್ತಾರೆ. ಒಂದು ಹಲ್ಲಿಗೆ ಇಷ್ಟೊಂದು ಅಂತರವೆ? ಇದರಲ್ಲಿ ಮೋಸವುಂಟೆ? ಕೀಳಿಸದೆ ಇದ್ದರೆ ನಡೆಯದೆ? ಮನೆಯ ಖರ್ಚನ್ನು ತೂಗಿಸುವವರು ಹೀಗೆ ಕೇಳುವುದು ನ್ಯಾಯವೇ ಆಗಿದೆ. ಆದಕಾರಣ ಈ ತಿಂಗಳ ನಮ್ಮ ಪುಟವನ್ನು ಈ ವಿಚಾರಕ್ಕೆ ಮೀಸಲಿಡುತ್ತೇವೆ.

ಬುದ್ಧಿಗೂ ಈ ಹಲ್ಲಿಗೂ ಸಂಬಂಧವೇನೂ ಇಲ್ಲ. ಎಳೆತನ ಕಳೆದು ತಿಳಿವಳಿಕೆ ಮೂಡುವ ವಯಸ್ಸಿನಲ್ಲಿ, ಸಾಮಾನ್ಯವಾಗಿ ೧೭ ರಿಂದ ೨೫ ವರ್ಷಗಳೊಳಗೆ, ಹುಟ್ಟುವುದರಿಂದ ಈ ಹೆಸರು ಬಂದಿದೆ. ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು. ಕೆಲವರಿಗೆ ಒಂದೆರಡು ಹುಟ್ಟುವುದೇ ಇಲ್ಲ, ಅದು ದೋಷವಲ್ಲ. ಉಳಿದ ಹಲ್ಲುಗಳೆಲ್ಲ ತಮ್ಮ ತಮ್ಮ ಸ್ಥಾನವನ್ನು ಹಿಡಿದು ಎಷ್ಟೋ ವರ್ಷಗಳಾದ ಮೇಲೆ ಬರುವುದರಿಂದ, ತುಂಬಿದ ಬಸ್ಸಿನಲ್ಲಿ ಬೆಂಚಿನ ತುದಿಗೆ ಬಂದು ಕೂರುವವನ ಪಾಡು ಇದರದು. ಎಡೆಯಿದ್ದರೆ ನೆಟ್ಟಗೆ ಕೂರುತ್ತದೆ; ಇಲ್ಲವಾದರೆ ಮುಂದಿನ ಹಲ್ಲಿನ ಮೇಲೆ ಒರಗುತ್ತದೆ; ಕೆಲವು ವೇಳೆ ಮೂಳೆಯೊಳಗೆ ಅಡ್ಡಲಾಗಿ ಮಲಗಿಯೇಬಿಡುತ್ತದೆ.

ಅರ್ಧ ಮೂಡಿ ಅರ್ಧ ವಸಡಿನಡಿಯಲ್ಲಿ ನಿಂತ ಹಲ್ಲಿನಿಂದಲೇ ತೊಂದರೆ ಹೆಚ್ಚು. ವಸಡು ಅದರ ಮೇಲೆ ಮುಚ್ಚಳದಂತೆ ಕವಿದುಕೊಂಡಿರುತ್ತದೆ. ಆ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿ ಕೊಳೆಯುತ್ತದೆ. ಕುಂಚವು ಅಲ್ಲಿಗೆ ಮುಟ್ಟದು. ವಸಡು ಊದಿ, ಕೀವು ಕಟ್ಟಿ, ಬಾಯಿ ಎರಡು ಬೆರಳಷ್ಟೂ ತೆರೆಯದಂತಾಗುತ್ತದೆ. ಉಪ್ಪುನೀರು, ಲವಂಗ, ಅಂಗಡಿಯ ಮಾತ್ರೆ ಇವುಗಳಿಂದ ನಾಲ್ಕು ದಿನಕ್ಕೆ ಶಮನವಾಗುವುದೂ ಉಂಟು. ಆದರೆ ಮುಚ್ಚಳ ಅಲ್ಲಿಯೇ ಇರುವುದಷ್ಟೆ. ಎರಡು ಮೂರು ತಿಂಗಳಿಗೆ ಅದೇ ಕಥೆ. ನೋವಿನ ಮಾತ್ರೆಯನ್ನು ನುಂಗದೆ ವಸಡಿನ ಮೇಲೆ ಇಟ್ಟುಕೊಳ್ಳುವ ರೂಢಿ ಕೆಲವು ಮನೆಗಳಲ್ಲಿದೆ. ಇದನ್ನು ದಯವಿಟ್ಟು ಬಿಡಬೇಕು. ಆಸ್ಪಿರಿನ್ ಮಾತ್ರೆಯು ವಸಡನ್ನು ಸುಟ್ಟು ಬೆಳ್ಳಗೆ ಮಾಡುತ್ತದೆ. ನೋವಿಗೆ ಹುಣ್ಣೂ ಜೊತೆಯಾಗುತ್ತದೆ.

ಹಾಗೆಂದು ಬುದ್ಧಿಹಲ್ಲುಗಳನ್ನೆಲ್ಲ ಕೀಳಿಸಲೇಬೇಕೆಂದು ನಾವು ಹೇಳುವುದಿಲ್ಲ. ಬ್ರಿಟನ್ನಿನ ಆರೋಗ್ಯಸೇವೆಗೆ ಮಾರ್ಗದರ್ಶನ ಮಾಡುವ ನೈಸ್ ಎಂಬ ಸಂಸ್ಥೆಯು ೨೦೦೦ನೆಯ ಇಸವಿಯಲ್ಲಿಯೇ, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂದೆಂದಾದರೂ ಕೆಟ್ಟೀತೆಂಬ ಭಯದಿಂದ ಕೀಳತಕ್ಕದ್ದಲ್ಲವೆಂದು ಹೇಳಿತು. ಬೇರೆ ಕಡೆಯ ವೈದ್ಯರಲ್ಲಿ ಈ ವಿಷಯವಾಗಿ ಭಿನ್ನಾಭಿಪ್ರಾಯವುಂಟು. ವಯಸ್ಸು ಏರಿದಂತೆ ಬೇರು ಬಲಿತು ಮೂಳೆ ಗಟ್ಟಿಯಾಗಿ ಕೆಲಸ ಕಷ್ಟವಾಗುವುದೆಂಬ ಅವರ ಮಾತೂ ಸುಳ್ಳಲ್ಲ. ಆದರೆ ಪದೇ ಪದೇ ವಸಡು ಊದುವುದು, ಹಲ್ಲೇ ಹುಳುಕಾಗುವುದು, ಒರಗಿದ ಹಲ್ಲಿನಿಂದ ಮುಂದಿನ ಒಳ್ಳೆಯ ದವಡೆಹಲ್ಲು ಕೆಡುವುದು, ಬೇರಿನ ಸುತ್ತ ನೀರುಗುಳ್ಳೆ ಕಟ್ಟುವುದು, ಇವುಗಳಲ್ಲಿ ಯಾವುದಾದರೊಂದಿದ್ದರೆ ಕೀಳಿಸುವುದೇ ಲೇಸು. ನಾಲ್ಕನ್ನೂ ತೆಗೆಯೋಣವೆಂದು ಯಾರಾದರೂ ಅಂದರೆ, ಒಂದೊಂದು ಹಲ್ಲಿಗೂ ಬೇರೆ ಬೇರೆಯಾಗಿ ಕಾರಣ ಕೇಳಬೇಕು. ಕೇಳುವುದು ಅವಿನಯವಲ್ಲ.

ಇನ್ನು ಬೆಲೆಯ ಮಾತು. ಇಲ್ಲಿ ನಾವು ಕೊಡುವ ಹಣ ಹಲ್ಲಿಗಲ್ಲ, ಹಲ್ಲು ಕುಳಿತಿರುವ ಭಂಗಿಗೆ. ನೆಟ್ಟಗೆ ಹುಟ್ಟಿದ ಹಲ್ಲನ್ನು ಇಕ್ಕುಳದಿಂದ ಕೆಲವೇ ನಿಮಿಷಗಳಲ್ಲಿ ತೆಗೆಯಬಹುದು; ಮೇಲ್ದವಡೆಯದು ಸಾಮಾನ್ಯವಾಗಿ ಇನ್ನೂ ಸುಲಭ. ಕೆಳದವಡೆಯ ಮೂಳೆಯಲ್ಲಿ ಅಡ್ಡ ಮಲಗಿದುದನ್ನಾದರೋ ವಸಡು ಕೊಯ್ದು, ಮೂಳೆ ಕೊರೆದು, ಹಲ್ಲನ್ನು ತುಂಡು ಮಾಡಿ ಹೊರಗೆ ತರಬೇಕು. ಎರಡನ್ನೂ ‘ಹಲ್ಲು ಕೀಳುವುದು’ ಎಂಬ ಒಂದೇ ಮಾತಿನಿಂದ ಕರೆಯುತ್ತೇವಾದ್ದರಿಂದ ದರದ ಅಂತರ ನಮಗೆ ವಿಪರೀತವಾಗಿ ಕಾಣುತ್ತದೆ. ಬೆಂಗಳೂರು ಮೈಸೂರುಗಳಂಥ ಊರುಗಳ ಖಾಸಗಿ ಚಿಕಿತ್ಸಾಲಯಗಳಲ್ಲಿ ಮೊದಲನೆಯ ಬಗೆಗೆ ಈಗ ಸುಮಾರು ೧,೦೦೦ ದಿಂದ ೩,೦೦೦ ರೂಪಾಯಿ, ಎರಡನೆಯ ಬಗೆಗೆ ೪,೦೦೦ ದಿಂದ ೧೨,೦೦೦ ರೂಪಾಯಿ ಹಿಡಿಯಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೂ ಹೆಚ್ಚು. ಪೂರ್ತಿ ಮೂರ್ಛೆಗೊಳಿಸಿ ತೆಗೆಯುವುದಾದರೆ ಆಸ್ಪತ್ರೆಗೆ ಸೇರಬೇಕಾಗಿ, ಖರ್ಚು ಇಮ್ಮಡಿಯೂ ಮುಮ್ಮಡಿಯೂ ಆಗುತ್ತದೆ. ಹೆಚ್ಚಿನವರಿಗೆ ಅದರ ಅವಶ್ಯಕತೆಯಿಲ್ಲ.

ಭಂಗಿಯನ್ನು ತಿಳಿಸುವುದು ಎಕ್ಸ್‌ರೇ ಚಿತ್ರ. ಎರಡೂ ದವಡೆಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಓಪಿಜಿ ಎಂಬ ಚಿತ್ರವನ್ನು ಕೆಲವು ನೂರು ರೂಪಾಯಿಗಳಲ್ಲಿ ತೆಗೆಸಬಹುದು. ಕೆಳದುಟಿಗೆ ಸ್ಪರ್ಶಜ್ಞಾನವನ್ನು ಕೊಡುವ ನರವೊಂದು ದವಡೆಯ ಮೂಳೆಯೊಳಗೆ ಹಾದುಹೋಗುತ್ತದೆ; ಬೇರು ಅದಕ್ಕೆ ತಾಗಿದಂತೆ ಕಂಡರೆ ಮಾತ್ರ ಸ್ಕ್ಯಾನ್ ಎಂಬ ಹೆಚ್ಚು ಬೆಲೆಯ ಚಿತ್ರ ಬೇಕಾಗುತ್ತದೆ. ಆದುದರಿಂದ ನಮ್ಮ ಸಲಹೆ ಇಷ್ಟು: ಚಿತ್ರವನ್ನು ನೋಡದೆ ದರ ಹೇಳುವವರ ಮಾತನ್ನು ನೆಚ್ಚಬೇಡಿರಿ; ಚಿತ್ರವನ್ನು ನೋಡಿದ ಮೇಲೆ ದರ ಕೇಳದೆ ಕುರ್ಚಿಯ ಮೇಲೆ ಕೂರಬೇಡಿರಿ. ಚಿತ್ರವು ಹಣ ಕೊಟ್ಟ ನಿಮ್ಮದು. ಅದನ್ನು ಮನೆಗೆ ತಂದು ಇನ್ನೊಬ್ಬ ವೈದ್ಯರಿಗೆ ತೋರಿಸುವುದಕ್ಕೆ ಸಂಕೋಚವೇಕೆ? ಹೇಳಿದ ಮೊತ್ತದಲ್ಲಿ ಔಷಧ, ಹೊಲಿಗೆ, ಮುಂದಿನ ಭೇಟಿಗಳು ಸೇರಿವೆಯೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ಆರೋಗ್ಯವಿಮೆಯುಳ್ಳವರು ಅದರ ಕರಾರನ್ನು ಮೊದಲೇ ಓದಬೇಕು. ಅಪಘಾತದಿಂದಾಗದ ದಂತಚಿಕಿತ್ಸೆಯನ್ನು ಹೆಚ್ಚಿನ ವಿಮೆಗಳು ಹೊರಗಿಡುತ್ತವೆ.

ಇಷ್ಟು ಹಣ ಹೊಂದದವರು ದಂತವೈದ್ಯಕೀಯ ಕಾಲೇಜುಗಳನ್ನು ಮರೆಯಬಾರದು. ಬೆಂಗಳೂರಿನಲ್ಲಿ ಸರ್ಕಾರದ ಕಾಲೇಜೇ ಇದೆ. ಧಾರವಾಡ, ದಾವಣಗೆರೆ, ಮೈಸೂರು, ಮಣಿಪಾಲಗಳಲ್ಲಿಯೂ ಇಂಥ ಕಾಲೇಜುಗಳುಂಟು. ಗುರುಗಳ ಕಣ್ಣಮುಂದೆ ಮೇಲ್ತರಗತಿಯ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ದರ ಬಹಳ ಕಡಿಮೆ. ಕಾಯುವ ಹೊತ್ತು ಹೆಚ್ಚು. ಎರಡು ಮೂರು ಬಾರಿ ಅಲೆಯಬೇಕಾಗಬಹುದು.

ಆ ದಿನ ನಡೆಯುವುದೇನೆಂದು ತಿಳಿದಿದ್ದರೆ ಅರ್ಧ ಭಯ ಕಳೆಯುತ್ತದೆ. ಮೊದಲು ಮರಗಟ್ಟಿಸುವ ಸೂಜಿಮದ್ದು. ಸಾಮಾನ್ಯವಾಗಿ ಬಳಸುವ ಲಿಗ್ನೊಕೇನ್ ಎಂಬ ಈ ಮದ್ದನ್ನು ೧೯೪೩ರಲ್ಲಿ ಸ್ವೀಡನ್ ದೇಶದ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನಶಾಸ್ತ್ರಜ್ಞರು ಸಿದ್ಧಗೊಳಿಸಿದರು. ತುಟಿ ದಪ್ಪವಾದಂತೆ ತೋರುತ್ತದೆ. ಆಮೇಲೆ ಒತ್ತುವುದು, ನೂಕುವುದು, ಕೊರೆಯುವ ಸದ್ದು ಎಲ್ಲವೂ ತಿಳಿಯುತ್ತದೆ. ನೋವು ಮಾತ್ರ ತಿಳಿಯಕೂಡದು. ತಿಳಿದರೆ ಕೈಯೆತ್ತಬೇಕು, ಮತ್ತಷ್ಟು ಮದ್ದು ಕೊಡುತ್ತಾರೆ. ಕಠಿಣವಾದ ಹಲ್ಲಿಗೂ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ನರಕ್ಕೆ ಪೆಟ್ಟಾದರೆ ತುಟಿಯೋ ನಾಲಗೆಯೋ ಕೆಲವು ವಾರ ಅಥವಾ ತಿಂಗಳು ಜೋಮು ಹಿಡಿದಂತಿರಬಹುದು. ಅದು ಶಾಶ್ವತವಾಗಿ ಉಳಿಯುವುದು ಅಪರೂಪ. ಅಂಥ ಅಪಾಯ ಹೆಚ್ಚೆಂದು ಕಂಡಲ್ಲಿ ಬೇರನ್ನು ಬಿಟ್ಟು ತಲೆಯನ್ನಷ್ಟೇ ತೆಗೆಯುವ ಕ್ರಮವೂ ಉಂಟು. ಸಕ್ಕರೆರೋಗ, ರಕ್ತದೊತ್ತಡ, ಹೃದಯದ ಕಾಯಿಲೆ, ಬಸಿರು, ರಕ್ತ ತೆಳುವಾಗಿಸುವ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು. ಆ ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಬಹಳ ಅಪಾಯ.

ಮನೆಗೆ ಬಂದ ಮೇಲಿನ ಶುಶ್ರೂಷೆಯಲ್ಲಿ ಎಲ್ಲಕ್ಕೂ ಮಿಗಿಲಾದುದು ಗುಳಿಯಲ್ಲಿ ಕಟ್ಟುವ ನೆತ್ತರ ಗಡ್ಡೆಯನ್ನು ಕಾಪಾಡುವುದು. ಗಾಯಕ್ಕೆ ಅದೇ ಹೊದಿಕೆ. ಕಚ್ಚಿಸಿದ ಬಟ್ಟೆಯನ್ನು ಹೇಳಿದಷ್ಟು ಹೊತ್ತು ಕಚ್ಚಿಕೊಂಡಿರಬೇಕು. ಆ ದಿನವೆಲ್ಲ ಉಗುಳಕೂಡದು, ಬಾಯಿ ಮುಕ್ಕಳಿಸಕೂಡದು, ಕೊಳವೆಯಿಂದ ಎಳನೀರನ್ನು ಹೀರಕೂಡದು. ಕೆನ್ನೆಗೆ ಹೊರಗಿನಿಂದ ಮಂಜುಗಡ್ಡೆ. ಆರಿದ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ತಣ್ಣನೆಯ ರಾಗಿ ಅಂಬಲಿ, ಹಾಲಿನಲ್ಲಿ ನೆನೆದ ಇಡ್ಲಿ ಇವು ಸಾಕು. ಬಿಸಿ ಸಾರಿಗೆ ಮೂರು ದಿನ ರಜೆ. ಮರುದಿನದಿಂದ ಉಗುರುಬೆಚ್ಚನೆಯ ಉಪ್ಪುನೀರನ್ನು ಮೆಲ್ಲನೆ ಬಾಯಲ್ಲಿ ತುಂಬಿ ಬಿಡಬಹುದು. ಊತವು ಎರಡನೆಯ ಮೂರನೆಯ ದಿನ ಏರಿ ಆಮೇಲೆ ಇಳಿಯುವುದು ಸಹಜ. ಇಳಿದ ನೋವು ಮೂರರಿಂದ ಐದನೆಯ ದಿನದೊಳಗೆ ಮತ್ತೆ ಕೆರಳಿ ಕಿವಿಯವರೆಗೆ ಹತ್ತಿದರೆ, ಗಡ್ಡೆ ಕಳಚಿ ಗುಳಿ ಬರಿದಾಗಿರಬಹುದು. ವೈದ್ಯರು ಅದನ್ನು ತೊಳೆದು ಮದ್ದಿಡುತ್ತಾರೆ. ಬೀಡಿ ಸಿಗರೇಟು ಸೇದುವವರಿಗೂ ಹೊಗೆಸೊಪ್ಪು ಹಾಕುವವರಿಗೂ ಇದು ಹೆಚ್ಚು. ಮನೆಯ ಹಿರಿಯರು ಎಲೆಅಡಿಕೆಯ ತಟ್ಟೆಯನ್ನು ಒಂದು ವಾರ ಕಣ್ಣಿಗೆ ಬೀಳದಂತೆ ಎತ್ತಿಡಲಿ.

ಇನ್ನೊಂದು ಮಾತನ್ನು ಗೃಹಿಣಿಯರಿಗೆಂದೇ ಹೇಳಬೇಕಾಗಿದೆ. ಮಗಳ ಹಲ್ಲಿಗೆ ಒಡವೆ ಅಡವಿಟ್ಟಾದರೂ ಹಣ ಹೊಂದಿಸುವ ತಾಯಿ, ತನ್ನ ಹಲ್ಲನ್ನು ಲವಂಗದಿಂದ ಸುಮ್ಮನಿರಿಸುತ್ತಾಳೆ. ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ, ನೆಂಟರು ಹೋಗಲಿ ಎಂದು ವರ್ಷ ಕಳೆಯುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಈ ಹಲ್ಲಿನ ಕೀವು ಕೆಳಗಿಳಿದು ಗಲ್ಲದಡಿಗೂ ಕುತ್ತಿಗೆಗೂ ಹರಡಬಲ್ಲುದು. ಆಗ ಉಸಿರೇ ಕಟ್ಟಬಹುದು. ಜ್ವರದೊಡನೆ ದವಡೆಯ ಕೆಳಗೆ ಗಟ್ಟಿಯಾದ ಊತ ಕಾಣಿಸಿದರೆ, ಎಂಜಲು ನುಂಗಲು ಕಷ್ಟವಾದರೆ, ನಾಲಗೆ ಮೇಲೆದ್ದಂತಾದರೆ, ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಅಲ್ಲಿ ಆಗುವ ಖರ್ಚಿನ ಮುಂದೆ ಮೇಲೆ ಹೇಳಿದ ಮೊತ್ತಗಳು ಏನೇನೂ ಅಲ್ಲ. ಖರ್ಚಿನ ಮಾತನ್ನು ಬಿಟ್ಟರೂ ಪ್ರಾಣದ ಮಾತಿದೆ.

ಎರಡೂ ಕಡೆಯ ಹಲ್ಲುಗಳನ್ನು ತೆಗೆಸಬೇಕಾದವರು ಒಂದು ಕಡೆ ಮಾಯ್ದ ಮೇಲೆ ಇನ್ನೊಂದು ಕಡೆಯದನ್ನು ತೆಗೆಸಿಕೊಂಡರೆ ಅಗಿಯುವುದಕ್ಕೆ ಒಂದು ಪಕ್ಕ ಉಳಿಯುತ್ತದೆ, ಹಣಕ್ಕೂ ನಡುವೆ ಬಿಡುವು ಸಿಗುತ್ತದೆ. ಅಡಿಗೆಮನೆಯನ್ನು ಮೂರು ದಿನ ಬೇರೆಯವರಿಗೆ ಒಪ್ಪಿಸುವ ಏರ್ಪಾಡು ಮೊದಲೇ ಆಗಿರಲಿ. ರೇಷ್ಮೆ ನೂಲಿನ ಹೊಲಿಗೆಯನ್ನು ಸುಮಾರು ಏಳನೆಯ ದಿನ ಬಿಚ್ಚುತ್ತಾರೆ. ಪರಊರಿನವರು ಆ ದಿನದ ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿದಿರಬೇಕು.