ದ್ವೀಪವಿಹಾರ: ತಲೆ ಎಣಿಸುವವರಾರು?

ಒಂದು ದಿನದ ಮಟ್ಟಿಗೆ ಪಟ್ಟಣದ ಗದ್ದಲವನ್ನು ದಡದಲ್ಲಿಯೇ ಬಿಟ್ಟು ದೋಣಿಯೇರುವುದು, ಸಮೀಪದ ದ್ವೀಪವೊಂದರಲ್ಲಿ ಇಳಿದು ಮಕ್ಕಳು ಮರಿಗಳೊಡನೆ ನೀರಾಟವಾಡುವುದು, ಮಧ್ಯಾಹ್ನಕ್ಕೆ ಅಲ್ಲಿಯೇ ಊಟ ಮಾಡಿ ಹೊತ್ತು ಇಳಿಯುವ ಮುನ್ನ ಮರಳುವುದು—ಇಂತಹ ವಿಹಾರವು ಹಿಂದೆ ಅನುಕೂಲಸ್ಥರಿಗೆ ಮಾತ್ರ ಎಟಕುತ್ತಿತ್ತು. ಈಗ ಹಾಗಿಲ್ಲ. ಕಾರಖಾನೆಯ ನೌಕರನೂ ಹೋಟೆಲಿನ ಕೆಲಸಗಾರನೂ ವರ್ಷಕ್ಕೊಮ್ಮೆಯಾದರೂ ಹೆಂಡತಿ ಮಕ್ಕಳನ್ನು ಕಡಲಿಗೆ ಕರೆದೊಯ್ಯಬಲ್ಲರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ವಿಹಾರಕ್ಕೆ ಹೊರಡುವವರ ಸಂಖ್ಯೆ ಬೆಳೆದ ವೇಗದಲ್ಲಿ ಅವರನ್ನು ಕಾಯುವ ವ್ಯವಸ್ಥೆಯೂ ಬೆಳೆದಿದೆಯೇ? ಕಳೆದ ಕೆಲವು ವರ್ಷಗಳ ಘಟನೆಗಳು ಈ ಪ್ರಶ್ನೆಗೆ ಕೊಡುವ ಉತ್ತರ ಸಮಾಧಾನಕರವಾಗಿಲ್ಲ.

ಮುಂಬಯಿಯ ಕನ್ನಡಿಗರಿಗೆ ಇದು ಪರರ ಮನೆಯ ಸುದ್ದಿಯಲ್ಲ. ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚಿನಲ್ಲಿ ಸುಮಾರು ಒಂದು ತಾಸು ಸಾಗಿದರೆ ಘಾರಾಪುರಿ, ಅರ್ಥಾತ್ ಎಲಿಫೆಂಟಾ ಸಿಗುತ್ತದೆ. ಇಮ್ಮಡಿ ಪುಲಕೇಶಿಯು ನೂರಾರು ನಾವೆಗಳೊಡನೆ ಮುತ್ತಿದನೆಂದು ಐಹೊಳೆಯ ಶಾಸನವು ಹೇಳುವ ಪುರಿ ಇದೇ ಎಂದು ಕೆಲವು ಇತಿಹಾಸಕಾರರ ಮತ. ಇಲ್ಲಿಯ ಗುಹೆಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಊರಿನಿಂದ ನೆಂಟರಿಷ್ಟರು ಬಂದರೆ ಅವರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮವರಲ್ಲಿ ಬಹುಕಾಲದ ವಾಡಿಕೆ. ದಕ್ಷಿಣಕ್ಕೆ ಮಾಲವಣದ ಸಿಂಧುದುರ್ಗ ಹಾಗೂ ತಾರಕರ್ಲಿಯ ಜಲಕ್ರೀಡೆಗಳಿವೆ. ಬೇಸಗೆಯ ರಜೆಯಲ್ಲಿ ತಾಯ್ನಾಡಿಗೆ ಹೋದಾಗ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು, ಮುರುಡೇಶ್ವರದ ಆಚೆಗಿರುವ ನೇತ್ರಾಣಿ, ಕಾರವಾರದ ಕೂರ್ಮಗಡ ನಮ್ಮನ್ನು ಕರೆಯುತ್ತವೆ. ದ್ವೀಪವಿಹಾರದ ಗಿರಾಕಿಗಳಲ್ಲಿ ನಾವೂ ಸೇರಿರುವುದರಿಂದ, ಆ ವ್ಯಾಪಾರದ ಗುಣದೋಷಗಳನ್ನು ವಿಚಾರಿಸುವ ಹೊಣೆಯೂ ನಮಗಿದೆ.

ದುರಂತಗಳ ಸರಣಿ

2024ನೆಯ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ 'ನೀಲ್ ಕಮಲ್' ಎಂಬ ಲಾಂಚಿಗೆ ನೌಕಾಪಡೆಯ ವೇಗದೋಣಿಯೊಂದು ಬಡಿಯಿತು. ಎಂಜಿನ್ ಪರೀಕ್ಷೆ ನಡೆಯುತ್ತಿದ್ದಾಗ ಅದು ಹತೋಟಿ ತಪ್ಪಿತೆಂದು ನೌಕಾಪಡೆಯೇ ತಿಳಿಸಿತು. ಆ ಡಿಕ್ಕಿಗೆ ಲಾಂಚಿನವರು ಕಾರಣರಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ 84 ಪ್ರಯಾಣಿಕರಿಗೂ 6 ಮಂದಿ ಸಿಬ್ಬಂದಿಗೂ ಪರವಾನಗಿಯಿದ್ದ ಆ ಲಾಂಚಿನಲ್ಲಿ ನೂರಕ್ಕೂ ಮಿಕ್ಕಿದ ಜನರಿದ್ದರೆಂಬ ವರದಿಯನ್ನು ಮರೆಯುವಂತಿಲ್ಲ. ಮೊದಲ ದಿನ 13 ಎಂದಿದ್ದ ಸತ್ತವರ ಸಂಖ್ಯೆ ಕೊನೆಗೆ 15ಕ್ಕೆ ಏರಿತು. ಅನಂತರವೇ ಗೇಟ್‌ವೇಯ ದೋಣಿಗಳಲ್ಲಿ ಪ್ರತಿಯೊಬ್ಬರೂ ಲೈಫ್ ಜಾಕೆಟ್ ತೊಡಬೇಕೆಂಬ ಕಟ್ಟಪ್ಪಣೆ ಹೊರಟಿತು.

ಇದಕ್ಕೆ ಮುಂಚೆ, 2019ನೆಯ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯನ್ನು ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮಡಿದರು. ಕಡಲನ್ನು ಕಾಣಲು ಹಾವೇರಿ ಜಿಲ್ಲೆಯಿಂದ ಬಂದಿದ್ದವರೂ ಅವರಲ್ಲಿದ್ದರು. 2022ನೆಯ ಮೇ 24ರಂದು ತಾರಕರ್ಲಿಯಲ್ಲಿ ಸ್ಕೂಬಾ ಮುಳುಗಾಟವನ್ನು ಮುಗಿಸಿ ಬರುತ್ತಿದ್ದ ದೋಣಿ ಮುಳುಗಿ ಇಬ್ಬರು ಪ್ರವಾಸಿಗರು ತೀರಿಕೊಂಡರು. 2023ನೆಯ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮಗುಚಿ 22 ಜನ ಪ್ರಾಣ ಕಳೆದುಕೊಂಡರು. ಅದು ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ ನಾವೆಯಾಗಿತ್ತು. ತುಂಬಿದ ಜನ ಮಿತಿಗಿಂತ ಹೆಚ್ಚು. ಹೊತ್ತು ಮುಳುಗಿದ ಮೇಲಿನ ಸವಾರಿ.

ಈ ಘಟನೆಗಳ ಕಾರಣಗಳು ಒಂದೇ ತೆರನಾಗಿಲ್ಲ. ಆದರೂ ಮೂರು ಸಂಗತಿಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು, ದೋಣಿ ಹೊರಬಲ್ಲ ಸಂಖ್ಯೆಗೂ ಹೊತ್ತ ಸಂಖ್ಯೆಗೂ ಇರುವ ಅಂತರ. ಎರಡು, ಲೈಫ್ ಜಾಕೆಟ್ ಮೈಮೇಲೆ ಇಲ್ಲದಿರುವುದು. ಮೂರು, ದಿನದ ಕೊನೆಯ ಪಯಣದ ಆತುರ. ಈ ಮೂರನ್ನೂ ತಡೆಯಲು ಹೊಸ ವಿದ್ಯೆಯೇನೂ ಬೇಕಿಲ್ಲ. ದೋಣಿ ಹಗ್ಗ ಬಿಚ್ಚುವ ಮೊದಲು ಧಕ್ಕೆಯ ಮೇಲೆ ನಿಂತು ತಲೆ ಎಣಿಸುವ, ಅಗತ್ಯ ಬಿದ್ದರೆ 'ಇಲ್ಲ' ಎನ್ನುವ ಅಧಿಕಾರವುಳ್ಳ ಒಬ್ಬ ಮನುಷ್ಯ ಸಾಕು. ಆತನೇ ನಮ್ಮ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಕಾಣೆಯಾಗಿದ್ದಾನೆ.

ಹೆಚ್ಚುವರಿ ತಲೆಯ ಲಾಭ

ಕಾನೂನು ಇಲ್ಲವೆಂದಲ್ಲ. ಒಳನಾಡಿನ ಜಲಮಾರ್ಗಗಳಿಗಾಗಿ 1917ರ ಹಳೆಯ ಶಾಸನದ ಬದಲು 2021ರಲ್ಲಿ ಹೊಸ ಒಳನಾಡು ನೌಕೆಗಳ ಶಾಸನವೇ ಬಂದಿದೆ. ಮಹಾರಾಷ್ಟ್ರದಲ್ಲಿ 1996ರಿಂದ ಸಾಗರ ಮಂಡಳಿಯಿದೆ. ಪರವಾನಗಿಯಲ್ಲಿ ಸಂಖ್ಯೆ ನಮೂದಾಗಿರುತ್ತದೆ. ಹಾಗಿದ್ದೂ ಸಂಖ್ಯೆ ಮೀರುವುದೇಕೆ?

ಕಾರಣ ಈ ಉದ್ಯಮದ ಲೆಕ್ಕಾಚಾರದಲ್ಲಿಯೇ ಅಡಗಿದೆ. ಒಂದು ದೋಣಿ ದ್ವೀಪಕ್ಕೆ ಹೋಗಿ ಬರಲು ಬೇಕಾಗುವ ಡೀಸೆಲು, ತಾಂಡೇಲನ ಹಾಗೂ ಖಲಾಸಿಗಳ ಕೂಲಿ, ಬಂದರಿನ ಶುಲ್ಕ—ಇವು ಹತ್ತು ಜನ ಕುಳಿತರೂ ಮೂವತ್ತು ಜನ ಕುಳಿತರೂ ಹೆಚ್ಚು ಕಡಿಮೆ ಅಷ್ಟೇ. ಖರ್ಚು ಹುಟ್ಟುವಷ್ಟು ಜನ ಕುಳಿತ ಮೇಲೆ ಏರುವ ಒಂದೊಂದು ತಲೆಯೂ ಬಹುತೇಕ ನಿವ್ವಳ ಲಾಭ. ಇದಕ್ಕೆ ಋತುವಿನ ಒತ್ತಡವೂ ಸೇರುತ್ತದೆ. ಮಳೆಗಾಲದಲ್ಲಿ ಪಶ್ಚಿಮದ ಕಡಲು ಇಂಥ ವಿಹಾರಕ್ಕೆ ತಕ್ಕುದಲ್ಲ. ಆ ತಿಂಗಳುಗಳಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ಉಳಿದ ತಿಂಗಳುಗಳಲ್ಲಿಯೂ ಜನ ನೆರೆಯುವುದು ರಜಾದಿನಗಳಲ್ಲಿಯೇ. ವರ್ಷದ ಹೊಟ್ಟೆಪಾಡನ್ನು ಕೆಲವೇ ವಾರಗಳಲ್ಲಿ ದುಡಿಯಬೇಕಾದವನಿಗೆ, ಧಕ್ಕೆಯ ಮೇಲೆ ಕಾದು ನಿಂತ ಗಿರಾಕಿಯನ್ನು ಬಿಟ್ಟು ಹೋಗೆಂದರೆ ಮನಸ್ಸು ಒಪ್ಪುವುದು ಕಷ್ಟ. ಗಿರಾಕಿಯಾದರೂ ಏನು ಕಡಿಮೆ? 'ಒಬ್ಬರಿಬ್ಬರು ಹೆಚ್ಚಾದರೇನಂತೆ, ಒಟ್ಟಿಗೆ ಹೋಗೋಣ' ಎಂದು ಪಟ್ಟು ಹಿಡಿಯುವವನು ಅವನೇ. ಹೀಗೆ ಮಾರುವವನ ಲೋಭವೂ ಕೊಳ್ಳುವವನ ಆತುರವೂ ಒಂದಾದ ಕಡೆಯಲ್ಲಿ ನಿಯಮವು ಕಾಗದದ ಮೇಲೆಯೇ ಉಳಿಯುತ್ತದೆ. ಇಬ್ಬರಿಗೂ ಸೇರದ ಮೂರನೆಯವನು ಎಣಿಸದ ಹೊರತು ಎಣಿಕೆ ಸರಿಯಾಗದು.

ಸಂಖ್ಯೆ ಮಾತ್ರವಲ್ಲ, ಜನ ಎಲ್ಲಿ ನಿಂತಿದ್ದಾರೆಂಬುದೂ ಮುಖ್ಯ. 2009ನೆಯ ಸೆಪ್ಟೆಂಬರ್ 30ರಂದು ತೇಕ್ಕಡಿಯ ಜಲಾಶಯದಲ್ಲಿ ದೋಣಿ ಉರುಳಿ 45 ಜನ ಸತ್ತರು. ವನ್ಯಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಮಗ್ಗುಲಿಗೆ ಸರಿದುದು ಅದಕ್ಕೆ ಒಂದು ಕಾರಣವೆಂದು ಆಗ ಹೇಳಲಾಯಿತು. ಭಾರವು ಮೇಲಕ್ಕೆ ಏರಿದಷ್ಟೂ ಬದಿಗೆ ಸರಿದಷ್ಟೂ ದೋಣಿಯ ಸಮತೋಲ ಕೆಡುತ್ತದೆ. ಚಿತ್ರ ತೆಗೆಯಲೆಂದು ಮೇಲಟ್ಟಕ್ಕೆ ಹತ್ತುವ ಹತ್ತು ಜನ, ಕೆಳಗೆ ಕುಳಿತ ಇಪ್ಪತ್ತು ಜನರಿಗಿಂತ ಹೆಚ್ಚು ಅಪಾಯವನ್ನು ತರಬಲ್ಲರು.

ಚಿಕ್ಕ ತಂಡದ ಗುಣವೂ ಮಿತಿಯೂ

ಇತ್ತೀಚೆಗೆ ಹತ್ತು ಹನ್ನೆರಡು ಜನರ ಚಿಕ್ಕ ತಂಡವನ್ನೇ ಒಯ್ಯುವ, ದೋಣಿ, ಜಲಕ್ರೀಡೆ, ಊಟ ಎಲ್ಲವನ್ನೂ ಒಂದೇ ದರದಲ್ಲಿ ಒದಗಿಸುವ ಏರ್ಪಾಡುಗಳು ಹೆಚ್ಚುತ್ತಿವೆ. ಇದನ್ನು ಕೇವಲ ಶೋಕಿಯೆಂದು ತಳ್ಳಿಹಾಕುವುದು ತಪ್ಪು. ಚಿಕ್ಕ ತಂಡದಲ್ಲಿ ಮಾರ್ಗದರ್ಶಕನಿಗೆ ಪ್ರತಿಯೊಬ್ಬರ ಮುಖವೂ ಗುರುತಾಗುತ್ತದೆ. ಈಜು ಬಾರದವರಾರು, ಹೃದಯದ ಕಾಯಿಲೆಯವರಾರು, ಅಂಜುವ ಮಗು ಯಾವುದು ಎಂದು ಕೇಳಿ ತಿಳಿಯಲು ವೇಳೆ ಸಿಗುತ್ತದೆ. ನೀರಿನಿಂದ ಎಲ್ಲರೂ ಮೇಲೆ ಬಂದರೇ ಎಂದು ಒಂದೇ ನೋಟದಲ್ಲಿ ಎಣಿಸಬಹುದು. ಚಿಕ್ಕ ತಂಡಕ್ಕೆ ಕೊಡುವ ಹೆಚ್ಚಿನ ದರದಲ್ಲಿ ಒಂದು ಭಾಗ ಸುಖದ ಬೆಲೆಯಾದರೆ ಇನ್ನೊಂದು ಭಾಗ ಈ ಲಕ್ಷ್ಯದ ಬೆಲೆ.

ಆದರೆ 'ಚಿಕ್ಕದು' ಎಂಬ ಮಾತಿಗೆ ಮರುಳಾಗಬಾರದು. ತಾರಕರ್ಲಿಯಲ್ಲಿ ಮುಳುಗಿದ ದೋಣಿ ದೊಡ್ಡ ಜಾತ್ರೆಯನ್ನೇನೂ ಹೊತ್ತಿರಲಿಲ್ಲ. ಅದರಲ್ಲಿದ್ದವರು ಸುಮಾರು ಇಪ್ಪತ್ತು ಜನ. ಆರು ಜನರ ದೋಣಿಯಲ್ಲಿ ಹನ್ನೆರಡು ಜನ ಕುಳಿತರೆ ಅದು ಚಿಕ್ಕ ತಂಡವಾದರೂ ದೊಡ್ಡ ಅಪಾಯವೇ. ಆದಕಾರಣ ಕೇಳಬೇಕಾದುದು 'ಎಷ್ಟು ಜನ?' ಎಂದಷ್ಟೇ ಅಲ್ಲ. 'ಈ ದೋಣಿಗೆ ಎಷ್ಟು ಜನ? ಎಷ್ಟು ಜನರಿಗೆ ಒಬ್ಬ ನುರಿತ ಈಜುಗಾರ?' ಎಂದೂ ಕೇಳಬೇಕು. ಗೋವೆಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯು ಜೀವರಕ್ಷಕರಿಗೂ ದೋಣಿ ನಡೆಸುವವರಿಗೂ ತರಬೇತಿ ಕೊಡುತ್ತದೆ. ಜೆಟ್ ಸ್ಕೀ ನಡೆಸುವವನು, ಪ್ಯಾರಾಸೈಲಿಂಗಿನ ಹಗ್ಗ ಹಿಡಿದವನು ಅಂಥ ತರಬೇತಿ ಪಡೆದಿರುವನೇ ಎಂದು ವಿಚಾರಿಸುವುದು ಅಧಿಕಪ್ರಸಂಗವೇನಲ್ಲ.

ಗಾಳಿ, ಊಟ, ಹೊತ್ತು

ದಿನದ ಕ್ರಮದಲ್ಲಿಯೂ ವಿವೇಕ ಬೇಕು. ನಮ್ಮ ಕರಾವಳಿಯಲ್ಲಿ ಚಳಿಗಾಲ ಬೇಸಗೆಗಳಲ್ಲಿ ಬೆಳಗಿನ ಕಡಲು ಸಾಮಾನ್ಯವಾಗಿ ಶಾಂತ. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಬೀಸತೊಡಗಿ ಮಧ್ಯಾಹ್ನದ ತರುವಾಯ ಅಲೆ ಎದ್ದೇಳುತ್ತದೆ. ಬೆಳಿಗ್ಗೆ ಸುಖವಾಗಿ ಬಂದವರು ಸಂಜೆ ಅದೇ ಕಡಲು ಬೇರೆಯಾಗಿರುವುದನ್ನು ಕಂಡು ಬೆದರುವುದು ಇದರಿಂದಲೇ. ಆದ್ದರಿಂದ ನೀರಾಟ ಬೆಳಿಗ್ಗೆ, ಊಟ ಅನಂತರ, ಮರುಪಯಣ ಹೊತ್ತಿರುವಾಗಲೇ—ಇದು ತಕ್ಕ ಕ್ರಮ. ಹೊಟ್ಟೆ ತುಂಬ ಮೀನುಸಾರು ಅನ್ನ ಉಂಡು ಕೂಡಲೇ ನೀರಿಗಿಳಿಯುವುದು ಸಲ್ಲದು. ಮದ್ಯ ಕುಡಿದು ಇಳಿಯುವುದಂತೂ ಆತ್ಮಘಾತವೇ. ಊಟವೂ ದರದಲ್ಲಿ ಸೇರಿದೆಯೆಂದು ಅದನ್ನು ಎಳೆದು ಎಳೆದು ಕೊನೆಯ ದೋಣಿಗೆ ಜನರನ್ನು ಒತ್ತುವ ಪದ್ಧತಿ ನಿಲ್ಲಬೇಕು.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ನಮ್ಮ ಜನರ ತಾತ್ಸಾರ ಆಶ್ಚರ್ಯಕರ. ಸೆಕೆ, ಕೊಳೆ, ಚಿತ್ರದಲ್ಲಿ ಅಂದಗೆಡುತ್ತದೆ ಎಂಬ ನೆಪಗಳು ಬೇಕಾದಷ್ಟು. ದೋಣಿ ಮಗುಚಲು ನಿಮಿಷವೂ ಬೇಡ. ಆಸನದ ಕೆಳಗೆ ಕಟ್ಟಿಟ್ಟ ಜಾಕೆಟ್ಟನ್ನು ಬಿಚ್ಚಿ ತೊಡಲು ಅಷ್ಟು ಸಮಯ ಸಿಗದು. ದಡದಲ್ಲಿಯೇ ತೊಟ್ಟು, ಪಟ್ಟಿಗಳನ್ನು ಬಿಗಿದರೆ ಮಾತ್ರ ಅದು ಜೀವ ಉಳಿಸೀತು. ಮಕ್ಕಳಿಗೆ ಮಕ್ಕಳ ಅಳತೆಯದೇ ಇರಬೇಕು. ದೊಡ್ಡವರ ಜಾಕೆಟ್ಟಿನಿಂದ ಮಗು ನೀರಿನಲ್ಲಿ ಜಾರಿಹೋಗುತ್ತದೆ.

ಒಂದು ಆಕ್ಷೇಪ

ಜನರ ಸಂಖ್ಯೆಯನ್ನು ಬಿಗಿಹಿಡಿದರೆ ದರ ಏರುತ್ತದೆ, ಬಡವನ ವಿಹಾರ ತಪ್ಪುತ್ತದೆ, ದ್ವೀಪದವರ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂಬ ವಾದವುಂಟು. ಇದರಲ್ಲಿ ಹುರುಳಿಲ್ಲದಿಲ್ಲ. ಘಾರಾಪುರಿಯ ಹಳ್ಳಿಗಳಿಗೆ ಕಡಲ ಕೆಳಗಿನ ತಂತಿಯ ಮೂಲಕ ವಿದ್ಯುಚ್ಛಕ್ತಿ ಬಂದುದೇ 2018ರಲ್ಲಿ. ಅಲ್ಲಿ ಅಂಗಡಿ, ಊಟದ ಮನೆ ನಡೆಸುವವರಿಗೆ ಪ್ರವಾಸಿಗನೇ ಆಧಾರ. ಆದರೆ ದುರಂತವೊಂದು ನಡೆದ ಮೇಲೆ ಜನ ಹೆದರಿ ಬಾರದೆ ಹೋದರೆ ಮೊದಲು ನಷ್ಟವಾಗುವುದು ಇವರಿಗೇ ಅಲ್ಲವೆ? ಸುರಕ್ಷಿತತೆಯು ದ್ವೀಪದವನ ಶತ್ರುವಲ್ಲ. ರಜಾದಿನಗಳಲ್ಲಿ ಪಯಣಗಳನ್ನು ಹೆಚ್ಚಿಸುವುದು, ಟಿಕೆಟ್ಟಿನಲ್ಲಿ ದೋಣಿಯ ಹೆಸರನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿ ನೂಕುನುಗ್ಗಲನ್ನು ತಪ್ಪಿಸುವುದು, ವಾರದ ಬಿಡುವಾದ ದಿನಗಳಿಗೆ ದರವನ್ನು ಇಳಿಸುವುದು—ಈ ಉಪಾಯಗಳಿಂದ ಬಡವನ ವಿಹಾರವೂ ಉಳಿದೀತು, ಪ್ರಾಣವೂ ಉಳಿದೀತು.

ಸರಕಾರವು ಮಾಡಬೇಕಾದುದು ಸ್ಪಷ್ಟವಿದೆ. ಪ್ರತಿ ಧಕ್ಕೆಯಲ್ಲಿಯೂ ದೋಣಿಯವರ ಅಧೀನನಲ್ಲದ ಒಬ್ಬ ಅಧಿಕಾರಿ ಪ್ರಯಾಣಿಕರನ್ನು ಎಣಿಸಿ, ಹೆಸರಿನ ಪಟ್ಟಿಯೊಂದನ್ನು ದಡದಲ್ಲಿ ಇರಿಸಿಕೊಳ್ಳಬೇಕು. ಆಪತ್ತು ಬಂದಾಗ ಯಾರು ಸಿಕ್ಕಿಲ್ಲವೆಂದು ತಿಳಿಯಲು ಆ ಪಟ್ಟಿಯೇ ಆಧಾರ. ಪರವಾನಗಿಯ ಸಂಖ್ಯೆಯನ್ನು ಆಯಾ ರಾಜ್ಯದ ಭಾಷೆಯಲ್ಲಿ, ದೂರಕ್ಕೆ ಕಾಣುವ ಅಕ್ಷರಗಳಲ್ಲಿ ದೋಣಿಯ ಮೇಲೆ ಬರೆಯಿಸಬೇಕು. ಕತ್ತಲೆಯ ಬಳಿಕದ ವಿಹಾರಯಾನಕ್ಕೆ ಅವಕಾಶವಿರಕೂಡದು.

ನಮ್ಮ ಕೈಯಲ್ಲಿರುವುದೂ ಕಡಿಮೆಯೇನಲ್ಲ. ನಮ್ಮ ಕನ್ನಡ ಸಂಘಗಳು, ಜಾತಿಬಾಂಧವರ ಮಂಡಳಿಗಳು, ಮಹಿಳಾ ವಿಭಾಗಗಳು ವರ್ಷಕ್ಕೊಮ್ಮೆ ವಿಹಾರವನ್ನು ಏರ್ಪಡಿಸುತ್ತವೆ. ಒಬ್ಬಂಟಿ ಗಿರಾಕಿಯ ಮಾತನ್ನು ದೋಣಿಯವನು ಕೇಳಲಾರ. ಐವತ್ತು ಜನರನ್ನು ಕರೆತರುವ ಸಂಘದ ಕಾರ್ಯದರ್ಶಿಯ ಮಾತನ್ನು ಕೇಳಲೇಬೇಕು. ಐವತ್ತು ಜನರನ್ನು ಒಂದೇ ದೋಣಿಗೆ ತುರುಕದೆ ಚಿಕ್ಕ ತಂಡಗಳಾಗಿ ವಿಂಗಡಿಸಿ, ತಂಡಕ್ಕೊಬ್ಬ ಮುಖಂಡನನ್ನು ನೇಮಿಸಿ, ಹೊರಡುವಾಗಲೂ ಮರಳುವಾಗಲೂ ಹೆಸರು ಕೂಗಿ ಎಣಿಸುವ ಪದ್ಧತಿಯನ್ನು ಪ್ರತಿಯೊಂದು ಸಂಘವೂ ಈ ಋತುವಿನಿಂದಲೇ ಆರಂಭಿಸಬಹುದು. ಪರವಾನಗಿಯನ್ನು ತೋರಿಸದ, ಜಾಕೆಟ್ಟುಗಳನ್ನು ಲೆಕ್ಕಕ್ಕೆ ಸರಿಯಾಗಿ ಕೊಡದ ದೋಣಿಗೆ ಮುಂಗಡ ಹಣವನ್ನು ಕೊಡಬಾರದು.

ಕಡಲು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಅದನ್ನು ನಂಬಿ ಬದುಕಿದ ಮೊಗವೀರರೂ ಖಾರ್ವಿಗಳೂ ಗಾಳಿಯನ್ನು ನೋಡಿ ದೋಣಿ ಇಳಿಸುತ್ತಿದ್ದರು, ಭಾರವನ್ನು ನೋಡಿ ಮೀನು ತುಂಬುತ್ತಿದ್ದರು. ಮೀನಿಗೆ ತೋರಿಸಿದ ಈ ಎಚ್ಚರವನ್ನು ಮನುಷ್ಯರಿಗೂ ತೋರಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಮುಂದಿನ ರಜೆಯಲ್ಲಿ ಧಕ್ಕೆಯ ಮೇಲೆ ನಿಂತಾಗ, ಎಣಿಸುವವನು ಅಲ್ಲಿ ಇಲ್ಲವಾದರೆ, ನಾವೇ ಎಣಿಸೋಣ. ಸಂಖ್ಯೆ ಮೀರಿದ್ದರೆ ಮುಂದಿನ ದೋಣಿಗೆ ಕಾಯೋಣ.